ಚೌಳು ಹಿಡಿದ ಗದ್ದೆಯೋ, ನೀರು ಬಾರದ ಗದ್ದೆಯೋ

2022ರ ಏಪ್ರಿಲ್ 23, ಶನಿವಾರ ರಾತ್ರಿ. ಗಂಗಾವತಿ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಏಳೆಂಟು ಹುಡುಗರು ಒಂದೇ ಮೊಬೈಲಿನ ಮೇಲೆ ಬಗ್ಗಿ ನಿಂತಿದ್ದರು. ಹೈದರಾಬಾದ್ ತಂಡದ ಮಾರ್ಕೊ ಯಾನ್ಸೆನ್ ಎಸೆದ ಚೆಂಡು ವಿರಾಟ್ ಕೊಹ್ಲಿಯ ಬ್ಯಾಟಿನ ಅಂಚು ಸವರಿ ಸ್ಲಿಪ್ಪಿಗೆ ಹೋಯಿತು. ಮೊದಲ ಎಸೆತಕ್ಕೇ ಔಟ್. ನಾಲ್ಕು ದಿನದ ಹಿಂದೆ ಲಖನೌ ವಿರುದ್ಧವೂ ಹಾಗೇ ಆಗಿತ್ತು. ಆ ರಾತ್ರಿ ಬೆಂಗಳೂರು ತಂಡ 68 ರನ್ನಿಗೆ ಮುದುಡಿತು. ನಿಜವಾದ ಆಟಗಾರರನ್ನು ಆರಿಸಿ ಅವರ ಅಂಕದ ಮೇಲೆ ಆಡುವ ಫ್ಯಾಂಟಸಿ ಆಟದ ತನ್ನ ತಂಡದಲ್ಲಿ ಕೊಹ್ಲಿಯನ್ನು ನಾಯಕನನ್ನಾಗಿ ಇಟ್ಟುಕೊಂಡಿದ್ದ ಹುಡುಗನೊಬ್ಬ ಮೊಬೈಲನ್ನು ಜೇಬಿಗಿಳಿಸಿ, "ಕೊಹ್ಲಿದು ಮುಗೀತು ಬಿಡ್ರೋ" ಅಂದ. ಯಾರೂ ಎದುರಾಡಲಿಲ್ಲ. ಅಲ್ಲೇ ಕುಳಿತಿದ್ದ ನನಗೂ ಎದುರಾಡಬೇಕು ಅನ್ನಿಸಲಿಲ್ಲ.

ಆ ಸೀಸನ್‌ನಲ್ಲಿ ಕೊಹ್ಲಿ ಐಪಿಎಲ್‌ನ 16 ಪಂದ್ಯಗಳಲ್ಲಿ ಗಳಿಸಿದ್ದು 341 ರನ್, ಸರಾಸರಿ 22.73. ಮೂರು ಸಲ ಮೊದಲ ಎಸೆತಕ್ಕೇ ಹೋದರು; ಮೂರನೆಯ ಸಲ ಔಟ್ ಮಾಡಿದ್ದು ನಮ್ಮ ಕರ್ನಾಟಕದವನೇ ಆದ ಜಗದೀಶ ಸುಚಿತ್. ವಯಸ್ಸು 33 ದಾಟಿತ್ತು. ಆಮೇಲೆ ಆದದ್ದು ಎಲ್ಲರಿಗೂ ಗೊತ್ತು: 2023ರಲ್ಲಿ 639, 2024ರಲ್ಲಿ 741 ರನ್ನಿನೊಂದಿಗೆ ಅತಿ ಹೆಚ್ಚು ರನ್ ಗಳಿಸಿದವರ ಆರೆಂಜ್ ಕ್ಯಾಪ್, 2025ರಲ್ಲಿ 657, ಆ ವರ್ಷದ ಜೂನ್ 3ರಂದು ತಂಡಕ್ಕೆ ಕಪ್. ಆದರೆ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ತಪ್ಪು ಪಾಠ ಕಲಿಸುತ್ತದೆ. ದೊಡ್ಡ ಆಟಗಾರ ತಿರುಗಿ ಎದ್ದೇ ಏಳುತ್ತಾನೆ, ಸುಮ್ಮನೆ ನಂಬಿ ಇಟ್ಟುಕೊಳ್ಳಿ ಎಂದು ಅದನ್ನು ಓದುವವರಿದ್ದಾರೆ. ಏಳದವರೂ ಬಹಳ ಜನ ಇದ್ದಾರೆ. ಹಾಗಾಗಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. 2022ರ ಮೇ ತಿಂಗಳಲ್ಲಿ, ಮುಂದಿನದೇನೂ ಗೊತ್ತಿಲ್ಲದೆ, ಒಬ್ಬ ಹಳೆಯ ಆಟಗಾರನ ಕೆಟ್ಟ ಸೀಸನ್ನನ್ನು ನಾವು ಹೇಗೆ ಓದಬೇಕಿತ್ತು?

ನಮ್ಮ ಕಡೆಯ ಒಕ್ಕಲುತನ ಈ ಪ್ರಶ್ನೆಯನ್ನು ಯಾವಾಗಲೋ ಕೇಳಿಕೊಂಡಿದೆ. ಗಂಗಾವತಿ ಕಡೆ ನಮ್ಮ ಸಂಬಂಧಿಕರಿಗೆ ಎರಡು ಕಡೆ ಗದ್ದೆ. ಒಂದು ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಯೊಂದರ ಕೊನೆಯಲ್ಲಿ, ಇನ್ನೊಂದು ತಗ್ಗಿನಲ್ಲಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. ಡ್ಯಾಮ್ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಕಾಲುವೆ ಕೊನೆಯ ಗದ್ದೆ ಆ ವರ್ಷ ಕೊಟ್ಟದ್ದು ಅಷ್ಟಕ್ಕಷ್ಟೆ. ತಗ್ಗಿನ ಗದ್ದೆಯ ಇಳುವರಿಯೂ ಕಡಿಮೆಯೇ. ಲೆಕ್ಕದ ವಹಿಯಲ್ಲಿ ಎರಡರ ಮುಂದೆಯೂ ಹೆಚ್ಚುಕಡಿಮೆ ಒಂದೇ ಅಂಕಿ. ಆದರೆ ತಗ್ಗಿನ ಗದ್ದೆಗೆ ಬೇಸಿಗೆಯಲ್ಲಿ ಹೋಗಿ ನಿಂತರೆ ಬದುವಿನ ಬುಡದಲ್ಲಿ ಉಪ್ಪು ಎರಚಿದಂತೆ ಬಿಳಿ ಪುಡಿ ಕಾಣುತ್ತದೆ. ಹಿಮ್ಮಡಿ ಊರಿದರೆ ಮೇಲೆ ಹಪ್ಪಳದಂಥ ಪದರ ಮುರಿದು ಒಳಗೆ ಪಸೆ. ಸಸಿ ಹಚ್ಚಿದ ಮೇಲೆ ಒಂದು ಮಡಿ ಹಸಿರಾಗಿದ್ದರೆ ಪಕ್ಕದ ಮಡಿಯಲ್ಲಿ ಎಲೆಯ ತುದಿ ಸುಟ್ಟಂತೆ ಕಂದಿರುತ್ತದೆ, ತೆಂಡೆ ಒಡೆಯುವುದಿಲ್ಲ. ಅದು ಚೌಳು. ನೀರು ಬಂದರೂ ಅದು ಕೊಡುವುದಿಲ್ಲ. ಬಸಿಗಾಲುವೆ ಇಲ್ಲದೆ ಬರೀ ನೀರು ನಿಲ್ಲಿಸಿದರೆ ಇನ್ನಷ್ಟು ಕೆಡುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಎಷ್ಟೋ ವರ್ಷದಿಂದ ಈ ಚೌಳು ಭೂಮಿಯ ಮೇಲೆಯೇ ಕೆಲಸ ಮಾಡುತ್ತಿದೆ.

ವಹಿಯ ಅಂಕಿ ನೋಡಿ ಎರಡೂ ಗದ್ದೆಗೆ ಒಂದೇ ಬೆಲೆ ಕಟ್ಟುವವನನ್ನು ನಮ್ಮೂರಲ್ಲಿ ಯಾರೂ ಒಕ್ಕಲಿಗ ಎನ್ನುವುದಿಲ್ಲ. ಆಟಗಾರರ ವಿಷಯಕ್ಕೆ ಬಂದಾಗ ಮಾತ್ರ ನಾವು ದಿನವೂ ಮಾಡುವುದು ಇದನ್ನೇ.

ಮೊದಲು ಮಳೆಯ ಮಾತು. ಯಲಬುರ್ಗಾ ಕಡೆಯ ಎರೆ ಹೊಲದವರು ಹಿಂಗಾರಿಯ ಕಡಲೆ, ಬಿಳಿಜೋಳ ಬಿತ್ತಿ ಒಂದು ವರ್ಷ ಮಳೆ ಕೈಕೊಟ್ಟಿತೆಂದು ಹೊಲವನ್ನು ಬೈಯುವುದಿಲ್ಲ. ಅದೃಷ್ಟಕ್ಕೆ ಎಷ್ಟು ಪಾಲಿದೆ ಎನ್ನುವುದು ಅವರಿಗೆ ಮೈಯಲ್ಲೇ ಗೊತ್ತಿದೆ. ಕ್ರಿಕೆಟ್ಟಿನಲ್ಲಿ ಆ ಪಾಲು ಎಷ್ಟು? ಲೆಕ್ಕ ಹಾಕಿ ನೋಡಬಹುದು. ಒಬ್ಬ ಬ್ಯಾಟರಿನ ನಿಜವಾದ ಸಾಮರ್ಥ್ಯ ಇನಿಂಗ್ಸಿಗೆ 35 ರನ್ ಎಂದಿಟ್ಟುಕೊಳ್ಳೋಣ. ಅವನು 5 ರನ್ನಿನಲ್ಲಿದ್ದಾಗಲೂ 50ರಲ್ಲಿದ್ದಾಗಲೂ ಮುಂದಿನ ರನ್ನಿಗೆ ಮುಂಚೆ ಔಟಾಗುವ ಸಂಭವ ಒಂದೇ ಎಂದುಕೊಳ್ಳೋಣ. ಕ್ರಿಕೆಟ್ ಸುಮಾರಾಗಿ ಹಾಗೇ ನಡೆಯುತ್ತದೆ. ಅದಕ್ಕೇ ಒಬ್ಬನದೇ ಲೆಕ್ಕದಲ್ಲಿ 0, 4, 11 ಇದ್ದಂತೆ 90ಗಳೂ ಇರುತ್ತವೆ. ಐಪಿಎಲ್‌ನ ಲೀಗ್ ಹಂತದಲ್ಲಿ ಅವನಿಗೆ ಸಿಗುವುದು 14 ಇನಿಂಗ್ಸ್. ಆಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದೆ, ಬರೀ ಕವಡೆ ಬಿದ್ದ ರೀತಿಯಿಂದಲೇ, ಇಂಥವನ ಸರಾಸರಿ ಏಳು ಸೀಸನ್‌ಗಳಿಗೊಮ್ಮೆ 25ಕ್ಕಿಂತ ಕೆಳಗಿಳಿಯುತ್ತದೆ. ಹತ್ತು ತಂಡಗಳಲ್ಲಿ ಇಂಥ ಇಪ್ಪತ್ತು ಜನ ಇದ್ದಾರೆಂದುಕೊಂಡರೂ ಪ್ರತಿವರ್ಷ ಇಬ್ಬರು ಮೂವರು ಒಳ್ಳೆಯ ಬ್ಯಾಟರುಗಳು ಯಾವ ತಪ್ಪೂ ಇಲ್ಲದೆ ಮುಗಿದವರಂತೆ ಕಾಣಲೇಬೇಕು. ಆ ಇಬ್ಬರು ಮೂವರಲ್ಲಿ ಒಬ್ಬನಿಗೆ 34 ವಯಸ್ಸಾಗಿದ್ದರೆ ನಾವು ಕೂಡಲೇ ಕಾರಣ ಹುಡುಕಿ ಕೊಡುತ್ತೇವೆ: ವಯಸ್ಸಾಯಿತು. ಅದೇ ಅಂಕಿ 24ರ ಹುಡುಗನದಾದರೆ ಹೇಳುತ್ತೇವೆ: ಪಾಪ, ಲಯ ತಪ್ಪಿದೆ.

ಇದರ ಬಗ್ಗೆ ಹಳೆಯದೊಂದು ಅಧ್ಯಯನವಿದೆ. ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1977ರಲ್ಲಿ ಅಮೆರಿಕದ ಬೇಸ್‌ಬಾಲಿನ 18 ಬ್ಯಾಟರುಗಳನ್ನು ಎತ್ತಿಕೊಂಡು, 1970ರ ಸೀಸನ್‌ನಲ್ಲಿ ಅವರ ಮೊದಲ 45 ಅವಕಾಶಗಳ ಅಂಕಿಯಿಂದ ಉಳಿದ ಸೀಸನ್ನನ್ನು ಊಹಿಸುವುದು ಹೇಗೆಂದು ತೋರಿಸಿದರು. ಪಟ್ಟಿಯ ತುದಿಯಲ್ಲಿ ರಾಬರ್ಟೊ ಕ್ಲೆಮೆಂಟಿ, ಬ್ಯಾಟಿಂಗ್ ಸರಾಸರಿ 0.400. ಬುಡದಲ್ಲಿ ಮ್ಯಾಕ್ಸ್ ಆಲ್ವಿಸ್, 0.156. ಗುಂಪಿನ ಸರಾಸರಿ 0.265. ಮೇಲಿದ್ದವರನ್ನು ಕೆಳಕ್ಕೂ ಕೆಳಗಿದ್ದವರನ್ನು ಮೇಲಕ್ಕೂ ಸರಾಸರಿಯ ಕಡೆ ಎಳೆದು ಊಹಿಸಿದರೆ, ಇದ್ದ ಅಂಕಿಯನ್ನೇ ನಂಬಿದ್ದಕ್ಕಿಂತ ಊಹೆ ಎಷ್ಟೋ ಹತ್ತಿರ ಬಂತು. ಉಳಿದ ಸೀಸನ್ನಿನಲ್ಲಿ ಕ್ಲೆಮೆಂಟಿ 0.346ಕ್ಕೆ ಇಳಿದರು, ಆಲ್ವಿಸ್ 0.200ಕ್ಕೆ ಏರಿದರು. ನನಗೆ ಬೇಕಾದ ಮಾತು ಇದರ ಮುಂದಿದೆ. ಏರಿದ ಮೇಲೂ ಆಲ್ವಿಸ್ ಹದಿನೆಂಟು ಜನರಲ್ಲಿ ಕೊನೆಯವರಾಗಿಯೇ ಉಳಿದರು; ಅದೇ ಅವರ ಕೊನೆಯ ಸೀಸನ್ ಆಯಿತು. ಇಳಿದ ಮೇಲೂ ಕ್ಲೆಮೆಂಟಿ ಮೊದಲಿಗರೇ, ಅದೂ 35ರ ವಯಸ್ಸಿನಲ್ಲಿ. ಕೆಟ್ಟ ಅಂಕಿಯನ್ನು ಪೂರ್ತಿ ನಂಬಬಾರದು, ಹಾಗೆಂದು ತಿಪ್ಪೆಗೂ ಎಸೆಯಬಾರದು. ಅದರಲ್ಲಿ ಒಂದಿಷ್ಟು ನಿಜ ಇದ್ದೇ ಇರುತ್ತದೆ. ಎಷ್ಟು ಎಂಬುದನ್ನು ಅಳೆಯಬೇಕು.

ಅಳೆಯುವುದಕ್ಕೆ ನಾನು ಮೊದಲು ಕೇಳುವುದು ನೀರಿನ ಪ್ರಶ್ನೆಯನ್ನು. ಆಟಗಾರನ ಗದ್ದೆಗೆ ಎಷ್ಟು ನೀರು ಬಂತು, ಅಂದರೆ ಅವನಿಗೆ ಅವಕಾಶ ಎಷ್ಟು ಸಿಕ್ಕಿತು?

ಫ್ಯಾಂಟಸಿ ಆಟ ಹುಟ್ಟಿದ ಅಮೆರಿಕದಲ್ಲಿ ಇದಕ್ಕೆ ಒಂದು ಪಕ್ಕಾ ಅಳತೆ ಇದೆ. ಅಲ್ಲಿನ ಫುಟ್‌ಬಾಲಿನಲ್ಲಿ ದೂರ ಓಡಿಹೋಗಿ ಚೆಂಡು ಹಿಡಿಯುವ ಆಟಗಾರನನ್ನು ವೈಡ್ ರಿಸೀವರ್ ಅನ್ನುತ್ತಾರೆ. ಅವನು ಎಷ್ಟು ಹಿಡಿದ ಎಂಬುದರ ಜೊತೆಗೆ ಅವನ ಕಡೆಗೆ ಚೆಂಡು ಎಷ್ಟು ಸಲ ಎಸೆಯಲಾಯಿತು ಎಂಬ ಲೆಕ್ಕವನ್ನೂ ಇಡುತ್ತಾರೆ. ಮಿನೆಸೋಟಾ ತಂಡದ ಆಡಮ್ ಥೀಲನ್ 2022ರಲ್ಲಿ 716 ಯಾರ್ಡಿಗೆ ನಿಂತರು. ವಯಸ್ಸು 32, ತಂಡ ಕೈಬಿಟ್ಟಿತು. ಆದರೆ ಆ ವರ್ಷ ಆ ತಂಡದ ಚೆಂಡು ಹೆಚ್ಚಾಗಿ ಹರಿದದ್ದು ಜಸ್ಟಿನ್ ಜೆಫರ್ಸನ್ ಎಂಬ ತರುಣನ ಕಡೆಗೆ. ಮುಂದಿನ ವರ್ಷ ಥೀಲನ್ ಕ್ಯಾರೊಲೈನಾ ತಂಡಕ್ಕೆ ಹೋದರು. ಅಲ್ಲಿ ಎಸೆಯಲು ಬೇರೆ ಆಸರೆ ಇರಲಿಲ್ಲ. 103 ಸಲ ಹಿಡಿದು 1,014 ಯಾರ್ಡ್ ಮಾಡಿದರು. ಗದ್ದೆ ಅದೇ, ಉಪಕಾಲುವೆ ಬೇರೆ.

ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಇದಕ್ಕೆ ಒಳ್ಳೆಯ ಉದಾಹರಣೆ. 2014ರಲ್ಲಿ 660 ರನ್ ಹೊಡೆದು ಆರೆಂಜ್ ಕ್ಯಾಪ್ ತೊಟ್ಟವರು. 2020ರಲ್ಲಿ ರಾಜಸ್ಥಾನಕ್ಕೆ ಆಡಿ 12 ಪಂದ್ಯಗಳಲ್ಲಿ 196 ರನ್. ಹೆಚ್ಚಾಗಿ ಮೇಲಿನ ಕ್ರಮಾಂಕದಲ್ಲಿ ಆಡಿದವರನ್ನು ಆ ಸೀಸನ್ನಿನ ಮೊದಲ ಭಾಗದಲ್ಲಿ ಮಧ್ಯಕ್ಕೆ ತಳ್ಳಿದ್ದರು. ಮಧ್ಯದಲ್ಲಿ ಬಂದವನು ಹತ್ತು ಎಸೆತ ನೋಡುವ ಹಾಗಿಲ್ಲ, ಬಂದ ಕೂಡಲೇ ಬೀಸಬೇಕು. ಮುಂದಿನ ವರ್ಷ ಅವರನ್ನು ಚೆನ್ನೈಗೆ ದಾಟಿಸಿದರು. ಚೆನ್ನೈ ಸೀಸನ್ನಿನ ಕೊನೆಗೆ ನಾಲ್ಕೇ ಪಂದ್ಯ ಆಡಿಸಿತು, ಆದರೆ ಮೇಲಿನ ಕ್ರಮಾಂಕದಲ್ಲಿ. ದೆಹಲಿ ವಿರುದ್ಧದ ಕ್ವಾಲಿಫೈಯರಿನಲ್ಲಿ 63, ಫೈನಲಿನಲ್ಲಿ 15 ಎಸೆತಕ್ಕೆ 31. 2020ರ 196ನ್ನಷ್ಟೇ ನೋಡಿದ್ದವನಿಗೆ ಇದು ಪವಾಡ. ಕ್ರಮಾಂಕ ನೋಡಿದ್ದವನಿಗೆ ಹಾಗೇನೂ ಅನ್ನಿಸಿರಲಿಕ್ಕಿಲ್ಲ.

ದಿನೇಶ್ ಕಾರ್ತಿಕ್ ಇನ್ನೂ ಕಠಿಣ ಪ್ರಕರಣ. ಬೆಂಗಳೂರು ತಂಡ 2022ರಲ್ಲಿ ಅವರನ್ನು 5.5 ಕೋಟಿಗೆ ಕೊಂಡಾಗ ವಯಸ್ಸು 36. ಆ ವರ್ಷ 330 ರನ್, ಸ್ಟ್ರೈಕ್ ರೇಟ್ 183. ಮರುವರ್ಷ 140 ರನ್, ಸ್ಟ್ರೈಕ್ ರೇಟ್ 134. ನಮ್ಮ ಕಡೆಯ ಮದುವೆ ಮನೆಗಳಲ್ಲೂ ಅವರನ್ನು ಬೈದದ್ದು ಕೇಳಿದ್ದೇನೆ. ಆದರೆ ಕೊನೆಯ ನಾಲ್ಕು ಓವರಿಗೆ ಬರುವ ಆಟಗಾರ ಇಡೀ ಸೀಸನ್ನಿನಲ್ಲಿ ಎದುರಿಸುವುದೇ ನೂರರಿಂದ ನೂರೆಂಬತ್ತು ಎಸೆತ. ಒಬ್ಬ ಆರಂಭಿಕ ನಾಲ್ಕೈದು ಪಂದ್ಯದಲ್ಲಿ ಎದುರಿಸುವಷ್ಟು. ಅಷ್ಟರ ಮೇಲೆ ಒಬ್ಬನ ಭವಿಷ್ಯ ಹೇಳುವುದು, ಒಂದು ಸೇರು ಕಡಲೆ ಕೈಯಲ್ಲಿ ಆಡಿಸಿ ಇಡೀ ಕಣದ ತೂಕ ಹೇಳಿದ ಹಾಗೆ. 2024ರಲ್ಲಿ, 38ರ ವಯಸ್ಸಿನಲ್ಲಿ, ಅದೇ ಕಾರ್ತಿಕ್ 326 ರನ್ ಮಾಡಿದರು. ಸ್ಟ್ರೈಕ್ ರೇಟ್ 187.

ಗಾಯದ್ದು ಬೇರೆಯೇ ಕತೆ, ಅದನ್ನು ಉದ್ದ ಮಾಡುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಯಾರೂ ಮಣ್ಣನ್ನಾಗಲೀ ಮಳೆಯನ್ನಾಗಲೀ ದೂರಲಿಲ್ಲ. ಗೇಟು ಕೂಡುತ್ತದೋ ಇಲ್ಲವೋ ಅಷ್ಟೇ ಪ್ರಶ್ನೆ. ಮೇ 2023ರಲ್ಲಿ ತೊಡೆಯ ಸ್ನಾಯು ಹರಿದುಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆ.ಎಲ್. ರಾಹುಲ್ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಮೇಲೆ ಅಜೇಯ 111 ಹೊಡೆದರು. ಗಾಯದ ಸೀಸನ್ನನ್ನು ಆಟದ ಸೀಸನ್ನಿನ ಜೊತೆ ಕೂಡಿಸಿ ಸರಾಸರಿ ತೆಗೆಯುವುದೇ ತಪ್ಪು.

ಈಗ ಚೌಳಿಗೆ ಬರೋಣ. ಇಲ್ಲಿಯೇ ನಾವು ಅಭಿಮಾನದಿಂದ ಕುರುಡಾಗುವುದು.

ರಾಹುಲ್ ದ್ರಾವಿಡ್ ಅವರ ಎರಡು ಕೆಟ್ಟ ಕಾಲಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2008ರಲ್ಲಿ ಟೆಸ್ಟುಗಳಲ್ಲಿ ಅವರ ಸರಾಸರಿ 31ರ ಆಸುಪಾಸಿಗೆ ಕುಸಿಯಿತು, 52ರ ಮೇಲೆ ಆಡಿಕೊಂಡು ಬಂದ ಮನುಷ್ಯನಿಗೆ. ನಿವೃತ್ತಿಯ ಮಾತುಗಳೆದ್ದವು. ವರ್ಷದ ಕೊನೆಗೆ ಮೊಹಾಲಿಯಲ್ಲಿ ಇಂಗ್ಲೆಂಡ್ ವಿರುದ್ಧ 136. ಅಲ್ಲಿಂದ ಮೂರು ವರ್ಷ ಅವರು ಆಡಿದ್ದು ಎಂಥ ಆಟ! 2011ರ ಇಂಗ್ಲೆಂಡ್ ಪ್ರವಾಸದಲ್ಲಿ ತಂಡ ನಾಲ್ಕಕ್ಕೆ ನಾಲ್ಕೂ ಟೆಸ್ಟು ಸೋತಿತು. ಆ ಸೋಲಿನ ನಡುವೆ 38 ವಯಸ್ಸಿನ ದ್ರಾವಿಡ್ ಮೂರು ಶತಕದೊಂದಿಗೆ 461 ರನ್ ಮಾಡಿದರು. ಆ ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ಟೆಸ್ಟ್ ರನ್ ಅವರದೇ. ಅದಾದ ಕೆಲವೇ ತಿಂಗಳಿಗೆ ಆಸ್ಟ್ರೇಲಿಯಾದಲ್ಲಿ ನಾಲ್ಕು ಟೆಸ್ಟಿಗೆ 194 ರನ್. ಎಂಟು ಇನಿಂಗ್ಸಿನ ಅಂಕಿ ಅದು, ಅಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಆದರೆ ಆ ಎಂಟರಲ್ಲಿ ಆರು ಸಲ ಅವರು ಬೌಲ್ಡ್ ಆದರು.

ನನ್ನ ಮಟ್ಟಿಗೆ ಬದುವಿನ ಬುಡದ ಬಿಳಿ ಪುಡಿ ಎಂದರೆ ಇದು. ಸ್ಲಿಪ್ಪಿನಲ್ಲಿ ಕ್ಯಾಚ್ ಹೋಗುವುದರಲ್ಲಿ ಅದೃಷ್ಟದ ಪಾಲಿದೆ. ಚೆಂಡು ಅರ್ಧ ಇಂಚು ಹೆಚ್ಚು ತಿರುಗಿದ್ದರೆ ಬ್ಯಾಟರ್ ಬೀಟ್ ಆಗಿ ಉಳಿಯುತ್ತಿದ್ದ. ರನೌಟಿನಲ್ಲಿ ಇನ್ನೂ ಹೆಚ್ಚು. ಗೋಡೆ ಎಂದೇ ಹೆಸರಾದ ಆಟಗಾರನ ರಕ್ಷಣೆಯನ್ನು ದಾಟಿ ಚೆಂಡು ಆರು ಸಲ ವಿಕೆಟ್ಟಿಗೆ ಹೋಯಿತು ಎಂದರೆ ಕಾಲು ತಡವಾಗುತ್ತಿದೆ ಎಂದರ್ಥ. ಈ ಮಾತನ್ನು ಸರಾಸರಿ ಹೇಳುವುದಿಲ್ಲ, ಔಟಾದ ರೀತಿ ಹೇಳುತ್ತದೆ. ದ್ರಾವಿಡ್ 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಿವೃತ್ತಿ ಹೇಳಿದರು. ತನ್ನ ಗದ್ದೆಯ ಮಣ್ಣನ್ನು ತಾನೇ ಕೈಗೆತ್ತಿಕೊಂಡು ನೋಡಿದ ಒಕ್ಕಲಿಗನ ನಿರ್ಧಾರ ಅದು. ಆ ಗೌರವ ನನಗೆ ಇಂದಿಗೂ ಇದೆ.

ಕಬಡ್ಡಿಯಲ್ಲಿ ನಾವು ಇದನ್ನೇ ಓದದೆ ಹೋದೆವು. ಪರ್ದೀಪ್ ನರ್ವಾಲ್ ಹೆಸರು ಕುಷ್ಟಗಿಯ ಯಾವ ಹಳ್ಳಿಯ ಕಬಡ್ಡಿ ಹುಡುಗನಿಗೆ ಗೊತ್ತಿಲ್ಲ? ಪ್ರೊ ಕಬಡ್ಡಿಯ ಐದನೇ ಸೀಸನ್ನಿನಲ್ಲಿ, 2017ರಲ್ಲಿ, ಪಟ್ನಾ ಪರವಾಗಿ ಒಬ್ಬರೇ 369 ರೈಡ್ ಅಂಕ. ಎದುರಾಳಿಯ ಚೈನಿನ ಕೆಳಗೆ ನುಸುಳುವ ಅವರ ಡುಬ್ಕಿಯನ್ನು ನಮ್ಮ ಹುಡುಗರು ಗಣೇಶನ ಹಬ್ಬದ ಪಂದ್ಯಾವಳಿಗಳಲ್ಲಿ ಅನುಕರಿಸಿ ಮೊಣಕಾಲು ಕೆತ್ತಿಕೊಂಡದ್ದನ್ನು ಕಂಡಿದ್ದೇನೆ. ಏಳನೇ ಸೀಸನ್ನಿನಲ್ಲಿ 302. 2021ರಲ್ಲಿ ಯುಪಿ ತಂಡ ಅವರಿಗೆ 1.65 ಕೋಟಿ ಕೊಟ್ಟಿತು, ಆಗ ಅದು ದಾಖಲೆ. ಎಂಟನೇ ಸೀಸನ್ 188. ಒಂಬತ್ತನೇ ಸೀಸನ್ 220. ಹತ್ತನೇ ಸೀಸನ್ 122.

ನಡುವಿನ 220 ಇದೆಯಲ್ಲ, ಅದೇ ಮೋಸ ಮಾಡಿದ ಅಂಕಿ. ತಿರುಗಿ ಎದ್ದರು ಅನ್ನಿಸಿತು. ಆದರೆ ನಾಲ್ಕು ಸೀಸನ್ನುಗಳನ್ನು ಒಟ್ಟಿಗೆ ಹರವಿ ನೋಡಿದರೆ ಅದು ಇಳಿಜಾರಿನ ನಡುವಿನ ಒಂದು ದಿಣ್ಣೆ. ಕಬಡ್ಡಿಯಲ್ಲಿ ಪ್ರಮುಖ ರೈಡರನಿಗೆ ಒಂದು ಪಂದ್ಯದಲ್ಲೇ ಹದಿನೈದಿಪ್ಪತ್ತು ರೈಡ್ ಸಿಗುತ್ತವೆ, ಸೀಸನ್ನಿಗೆ ಮುನ್ನೂರಕ್ಕೂ ಮೇಲೆ. ಆದ್ದರಿಂದ ಇಲ್ಲಿ ಅದೃಷ್ಟದ ಪಾಲು ಕ್ರಿಕೆಟ್ಟಿಗಿಂತ ಕಡಿಮೆ, ಇಳಿಕೆಯನ್ನು ಬೇಗ ನಂಬಬೇಕು. ಡುಬ್ಕಿಗೆ ಡಿಫೆಂಡರುಗಳು ಉತ್ತರ ಕಲಿತಿದ್ದರು, ತಂಡದಲ್ಲಿ ಬೇರೆ ರೈಡರುಗಳು ಮೇಲೆ ಬಂದಿದ್ದರು. ಆದರೂ 2024ರ ಹರಾಜಿನಲ್ಲಿ ನಮ್ಮ ಬೆಂಗಳೂರು ಬುಲ್ಸ್ 70 ಲಕ್ಷ ಕೊಟ್ಟು ಅವರನ್ನು ಕರೆತಂದಿತು. ನಾನೂ ಅಂದು ಸಂತೋಷಪಟ್ಟೆ, ಹೆಸರು ಅಂಥದ್ದು. ಆ ಸೀಸನ್ನಿನಲ್ಲಿ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಪಟ್ಟಿಯಲ್ಲಿ ಕೊನೆಯ ಸ್ಥಾನ. 2025ರ ಹರಾಜಿನಲ್ಲಿ ಪರ್ದೀಪ್‌ರನ್ನು ಯಾರೂ ಕೊಳ್ಳಲಿಲ್ಲ, ಅವರು ನಿವೃತ್ತಿ ಘೋಷಿಸಿದರು. ಲೀಗಿನ ಇತಿಹಾಸದಲ್ಲಿ 1,800ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದ ಮನುಷ್ಯ ಹರಾಜಿನಲ್ಲಿ ಕೂಗುವವರಿಲ್ಲದೆ ಉಳಿದದ್ದು ನೋಡಿ ಮನಸ್ಸು ನೊಂದಿತು. ಅವರ ಬೆಲೆಯನ್ನು ಮೊದಲೇ ಸರಿಯಾಗಿ ಕಟ್ಟಿದ್ದರೆ, ಬೆನ್ನಿಗೊಬ್ಬ ತರುಣನನ್ನು ಕೊಟ್ಟು ಪಂದ್ಯಕ್ಕೆ ಎಂಟು ರೈಡಿಗೆ ಇಳಿಸಿದ್ದರೆ, ಆ ಕೊನೆ ಹಾಗಾಗುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಬೆಲೆಯ ಮಾತು ಬಂದದ್ದರಿಂದ ಇದನ್ನು ಹೇಳಬೇಕು. ಫ್ಯಾಂಟಸಿಯಲ್ಲಿ ಒಬ್ಬ ಆಟಗಾರನ ಮೌಲ್ಯ ಎಂದರೆ ಅವನು ಎಷ್ಟು ದೊಡ್ಡವನು ಎಂಬುದಲ್ಲ. ಅವನಿಗೆ ಕೊಟ್ಟ ಬೆಲೆಗೂ ಅವನು ತರುವ ಅಂಕಕ್ಕೂ ಇರುವ ಅಂತರ ಅದು. ಕೆಟ್ಟ ಸೀಸನ್ನಿನ ಮರುವರ್ಷ ಹಳಬರ ಬೆಲೆ ಅವರ ಆಟಕ್ಕಿಂತ ವೇಗವಾಗಿ ಬೀಳುತ್ತದೆ, ಏಕೆಂದರೆ ಎಲ್ಲರೂ ಕಳೆದ ವರ್ಷದ ಅಂಕಿಯನ್ನೇ ನೋಡುತ್ತಿರುತ್ತಾರೆ. ಕುಷ್ಟಗಿಯ ಸಂತೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಣಿಸುವುದು ಬಾಯಿ ಕೂಡುವ ತನಕ ಮಾತ್ರ. ಬಾಯಿ ಕೂಡಿದ ಎತ್ತಿನ ವಯಸ್ಸನ್ನು ಹಲ್ಲು ಅಷ್ಟು ಸಲೀಸಾಗಿ ಹೇಳುವುದಿಲ್ಲ. ಆಗ ಜಾಣ ಗಿರಾಕಿ ಹಗ್ಗ ಬಿಚ್ಚಿಸಿ ನಾಲ್ಕು ಹೆಜ್ಜೆ ನಡೆಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಹೆಗಲಿನ ಜಡ್ಡಿನ ಮೇಲೆ ಅಂಗೈ ಇಟ್ಟು ಒತ್ತುತ್ತಾನೆ, ಎತ್ತು ಮುಖ ತಿರುಗಿಸಿತೇ ಎಂದು ಕಾಯುತ್ತಾನೆ. ದೂರದಿಂದ ಹಲ್ಲು ನೋಡಿ ಹೋದವನು ಬಿಟ್ಟ ಜೋಡಿಯನ್ನು ಅವನು ಕಡಿಮೆ ದುಡ್ಡಿಗೆ ಹೊಡೆದುಕೊಂಡು ಹೋಗುತ್ತಾನೆ. 34 ವರ್ಷ ಎಂಬ ಅಂಕಿಯೂ ಹಲ್ಲಿನಂತೆಯೇ. 22ಕ್ಕೂ 28ಕ್ಕೂ ಇರುವ ವ್ಯತ್ಯಾಸವನ್ನು ಅದು ಚೆನ್ನಾಗಿ ಹೇಳುತ್ತದೆ, 33ಕ್ಕೂ 36ಕ್ಕೂ ಇರುವುದನ್ನು ಹೇಳುವುದಿಲ್ಲ. ನಡೆಸಿ ನೋಡಬೇಕು.

ಚೌಳು ಹಿಡಿದ ಗದ್ದೆಯೂ ತಿರುಗಿ ಬರುವುದುಂಟು. ಬಸಿಗಾಲುವೆ ತೋಡಿ, ಜಿಪ್ಸಂ ಹಾಕಿ, ಹಸಿರೆಲೆ ಗೊಬ್ಬರ ತುಳಿಸಿ ಮೂರು ನಾಲ್ಕು ವರ್ಷ ದುಡಿದವರು ಕಾರಟಗಿ ಕಡೆ ಇದ್ದಾರೆ. ಕೊಹ್ಲಿಯ ವಿಷಯದಲ್ಲಿ ಬರೀ ಮಳೆ ತಿರುಗಿತು ಎಂದರೆ ಅರ್ಧ ಸತ್ಯವಷ್ಟೆ. 2022ರಲ್ಲಿ ಅವರ ಸ್ಟ್ರೈಕ್ ರೇಟ್ 116 ಇತ್ತು. ಸ್ಪಿನ್ ಬಂದರೆ ಒಂಟಿ ರನ್ನಿಗೆ ಇಳಿದು ಓವರುಗಳನ್ನು ತಿನ್ನುತ್ತಿದ್ದರು, ಅದರಲ್ಲಿ ದುರದೃಷ್ಟವೇನಿರಲಿಲ್ಲ. 2024ರ ಹೊತ್ತಿಗೆ ಅದೇ ಸ್ಪಿನ್ನರುಗಳನ್ನು ಮಂಡಿಯೂರಿ ಸ್ಲಾಗ್ ಸ್ವೀಪ್ ಮಾಡತೊಡಗಿದರು, ಸ್ಟ್ರೈಕ್ ರೇಟ್ 154 ದಾಟಿತು. ಹಾಗಾಗಿ ಹಳಬನ ಬಗ್ಗೆ ನಾನು ಹುಡುಕುವ ಸುದ್ದಿ ಇದು: ರಜೆಯಲ್ಲಿ ಏನು ಬದಲಿಸಿಕೊಂಡ? ಹಳೆಯ ಆಟವನ್ನೇ ಇನ್ನಷ್ಟು ಹಟದಿಂದ ಆಡಲು ಹೊರಟವನ ಮೇಲೆ ನಾನು ಕೈ ಇಡುವುದಿಲ್ಲ.

ಇಷ್ಟೆಲ್ಲ ಯೋಚಿಸಲು ನಮ್ಮ ಹುಡುಗರಿಗೆ ಬಿಡುವು ಎಲ್ಲಿತ್ತು? ಅಮೆರಿಕದಲ್ಲಿ ಬೆಳೆದ ಫ್ಯಾಂಟಸಿ ಆಟದಲ್ಲಿ ಗೆಳೆಯರು ಸೇರಿ ಸೀಸನ್ನಿನ ಆರಂಭಕ್ಕೆ ಆಟಗಾರರನ್ನು ಹಂಚಿಕೊಂಡು ತಿಂಗಳುಗಟ್ಟಲೆ ಬಾಳುತ್ತಾರೆ. ಒಬ್ಬನನ್ನು ಆರಿಸುವ ಮುನ್ನ ಅವನ ವರ್ಷವನ್ನೇ ಯೋಚಿಸಬೇಕು. ನಮ್ಮಲ್ಲಿ ಹಬ್ಬಿದ್ದು ಒಂದು ರಾತ್ರಿಯ ಆಟ. ಸಂಜೆ ಏಳಕ್ಕೆ ತಂಡ ಕಟ್ಟು, ಹನ್ನೊಂದಕ್ಕೆ ಗೆಲ್ಲು ಇಲ್ಲವೇ ಕಳೆದುಕೋ. 14 ಇನಿಂಗ್ಸಿನಲ್ಲೇ ಅದೃಷ್ಟದ ಪಾಲು ಅಷ್ಟಿದ್ದರೆ ಒಂದೇ ಇನಿಂಗ್ಸಿನಲ್ಲಿ ಎಷ್ಟಿರಬೇಡ! ಅದರ ಮೇಲೆ ದುಡ್ಡು ಕಟ್ಟಿದವನಿಗೆ ಆಟಗಾರ ಮನುಷ್ಯನಾಗಿ ಉಳಿಯುವುದಿಲ್ಲ, ಬಂದ ಅಥವಾ ಬಾರದ ಚೀಟಿಯಾಗುತ್ತಾನೆ. ಹಣ ಕಟ್ಟುವ ಆನ್‌ಲೈನ್ ಆಟಗಳ ಮೇಲೆ ರಾಜ್ಯ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಕಾನೂನಿನ ಸರಿತಪ್ಪಿನ ಚರ್ಚೆ ನ್ಯಾಯಾಲಯಗಳಲ್ಲಿ ನಡೆಯಲಿ. ನನಗೆ ಅದರಿಂದ ಆದ ಸಮಾಧಾನ ಸಣ್ಣದು: ನನ್ನ ಸೋದರಳಿಯ ಮತ್ತು ಅವನ ಐದಾರು ಗೆಳೆಯರು ಈಗ ಕೊಪ್ಪಳದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ದುಡ್ಡಿಲ್ಲದೆ, ಇಡೀ ಸೀಸನ್ನಿಗೆ ತಂಡ ಕಟ್ಟಿ ಆಡುತ್ತಾರೆ. ರನ್ನಿನ ಪಕ್ಕ ಎದುರಿಸಿದ ಎಸೆತ, ಕ್ರಮಾಂಕ, ಔಟಾದ ರೀತಿ ಎಂದು ಮೂರು ಕಂಬ ಹೆಚ್ಚಿಗೆ ಎಳೆಯಲು ಹೇಳಿದ್ದೆ. ಎಳೆದಿದ್ದಾರೆ.

ಹೋದ ಸಲ ಅವನು ನೋಟ್‌ಬುಕ್ ಹಿಡಿದು ಬಂದದ್ದು ಕರುಣ್ ನಾಯರ್ ಹೆಸರಿಗೆ ಬೆರಳಿಟ್ಟುಕೊಂಡು. "ಮಾಮಾ, ಇವರನ್ನ ಇಡೋಣೇನ, ಬಿಡೋಣೇನ?" ಇದಕ್ಕಿಂತ ಕಷ್ಟದ ಪ್ರಶ್ನೆ ನನಗೆ ಯಾರೂ ಕೇಳಿಲ್ಲ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಅಜೇಯ 303 ಹೊಡೆದ ಹುಡುಗ. ಮರುವರ್ಷವೇ ಭಾರತ ತಂಡದಿಂದ ಹೊರಗೆ, 2022ರಲ್ಲಿ ಕರ್ನಾಟಕ ತಂಡದಿಂದಲೂ ಹೊರಗೆ. ಆ ಡಿಸೆಂಬರಿನಲ್ಲಿ ಅವರು ಕ್ರಿಕೆಟ್ಟನ್ನೇ ಉದ್ದೇಶಿಸಿ ಇನ್ನೊಂದು ಅವಕಾಶ ಕೊಡು ಎಂದು ಬೇಡಿಕೊಂಡದ್ದನ್ನು ನಾಡೆಲ್ಲ ಓದಿತು. ವಿದರ್ಭ ನೀರು ಕೊಟ್ಟಿತು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ, 779 ರನ್; ರಣಜಿಯಲ್ಲಿ 863 ರನ್, ಫೈನಲಿನಲ್ಲೂ ಶತಕ. ಎಂಟು ವರ್ಷದ ಮೇಲೆ ಮತ್ತೆ ಟೆಸ್ಟ್ ಟೋಪಿ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಎಂಟು ಇನಿಂಗ್ಸಿಗೆ 205 ರನ್. ಸರಣಿ ಮುಗಿದ ಮೇಲೆ ಮತ್ತೆ ಹೊರಗೆ.

ನಾವಿಬ್ಬರೂ ಆ ಎಂಟನ್ನು ಕಂಬದಲ್ಲಿ ಬರೆದೆವು. 0, 20, 31, 26, 40, 14, 57, 17. ಕ್ರಮಾಂಕದ ಕಂಬದಲ್ಲಿ ಆರು, ಮೂರು, ಐದು: ನಾಲ್ಕು ಟೆಸ್ಟಿಗೆ ಮೂರು ಜಾಗ. ಸೊನ್ನೆಯೊಂದನ್ನು ಬಿಟ್ಟರೆ ಏಳು ಸಲವೂ ಎರಡಂಕಿ ದಾಟಿದ್ದಾರೆ. ಕಣ್ಣು ಮಂದವಾದವನಾಗಿದ್ದರೆ ಮೊದಲ ಹತ್ತು ಎಸೆತಗಳಲ್ಲೇ ಹೋಗಬೇಕಿತ್ತು. ಇವರು ನಿಂತಿದ್ದಾರೆ, ಬೇರು ಬಿಟ್ಟಿದ್ದಾರೆ, ತೆನೆ ಕಟ್ಟುವ ಹೊತ್ತಿಗೆ ಹೋಗಿದ್ದಾರೆ.  ನೀರು ಬಂದಿದೆ, ಆದರೆ ಬೇರೆ ಬೇರೆ ತೂಬಿನಿಂದ. "ಇದು ಚೌಳಲ್ಲ," ಅಂದೆ. ಅವನು ಪುಟ ತಿರುಗಿಸಿ ಕರ್ನಾಟಕಕ್ಕೆ ಮರಳಿದ ಮೇಲಿನ ಅಂಕಿ ತೋರಿಸಿದ: ಶಿವಮೊಗ್ಗದಲ್ಲಿ ಗೋವಾ ಮೇಲೆ ಅಜೇಯ 174, ತಿರುವನಂತಪುರದಲ್ಲಿ ಕೇರಳದ ಮೇಲೆ 233. ಆ ಹೊತ್ತಿಗೆ ವಯಸ್ಸು 33. ಬೆಲೆ ಕೇಳಿದೆ. ಅವರ ಆಟದಲ್ಲಿ ಕರುಣ್‌ಗೆ ಕೊನೆಯ ಸುತ್ತಿನ ಬೆಲೆ ಇಟ್ಟಿದ್ದರು, ಬೇರೆ ಯಾರೂ ಕೇಳಿರಲಿಲ್ಲ.

"ಇಡು," ಅಂದೆ.

ಅವನು ಪೆನ್ನಿನ ಮುಚ್ಚಳ ತೆಗೆದು ಹೆಸರು ಬರೆದುಕೊಂಡ. ಬರೆದವನು ಔಟಾದ ರೀತಿಯ ಕಂಬವನ್ನು ಖಾಲಿ ಬಿಟ್ಟು, ಮೊದಲ ಐದು ಇನಿಂಗ್ಸ್ ಆದ ಮೇಲೆ ತುಂಬೋಣ ಎಂದ.